ಹಳೇ ಬಡಾವಣೆ, ವಯಸ್ಸಾದ ಅಪ್ಪ-ಅಮ್ಮ: ಮನೆ ತಿದ್ದುವುದೇ, ಕೆಡವಿ ಕಟ್ಟುವುದೇ, ಬೇರೆ ಕಡೆ ಹೋಗುವುದೇ?

ಜಯನಗರ, ಬಸವನಗುಡಿ, ಮಲ್ಲೇಶ್ವರ, ರಾಜಾಜಿನಗರ. ಬೆಂಗಳೂರಿನ ಯಾವ ಹಳೇ ಬಡಾವಣೆಯಲ್ಲಿ ಓಡಾಡಿದರೂ ಈಗ ಕಣ್ಣಿಗೆ ಬೀಳುವುದು ಒಂದೇ ನೋಟ. ಒಂದು ಸೈಟಿನಲ್ಲಿ ಎಪ್ಪತ್ತರ ದಶಕದ ಮನೆ, ಮುಂದೆ ಒಂದು ತೆಂಗಿನ ಮರ, ಪೋರ್ಟಿಕೊದಲ್ಲಿ ಕಬ್ಬಿಣದ ಕುರ್ಚಿ. ಪಕ್ಕದ ಸೈಟಿನಲ್ಲಿ ಹಸಿರು ಪರದೆ ಕಟ್ಟಿ ಏಳುತ್ತಿರುವ ಸ್ಟಿಲ್ಟ್ (ಕಂಬಗಳ ನಡುವಿನ ಕಾರ್ ಪಾರ್ಕಿಂಗು) ಮತ್ತು ಅದರ ಮೇಲೆ ನಾಲ್ಕು ಮಹಡಿ. ಹಳೇ ಮನೆಯಲ್ಲಿ ಎಪ್ಪತ್ತೈದು ದಾಟಿದ ಗಂಡ-ಹೆಂಡತಿ ಇಬ್ಬರೇ. ಮಕ್ಕಳು ವೈಟ್‌ಫೀಲ್ಡಿನಲ್ಲೋ, ಪುಣೆಯಲ್ಲೋ, ಟೆಕ್ಸಾಸಿನಲ್ಲೋ. ಗೇಟಿನ ಹತ್ತಿರ ಆಗಾಗ ಬಂದು ನಿಲ್ಲುವ ಬ್ರೋಕರ್ ಕೇಳುವುದು ಒಂದೇ ಪ್ರಶ್ನೆ: "ಸರ್, ಜೆವಿಗೆ ಕೊಡ್ತೀರಾ?" ಅಂದರೆ ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿಗೆ.

ಆ ಪ್ರಶ್ನೆ ಮನೆಯೊಳಗೆ ಬಂದ ದಿನದಿಂದ ಎಲ್ಲರ ಲೆಕ್ಕವೂ ಚದರಡಿಯಿಂದ ಶುರುವಾಗುತ್ತದೆ. ನಮಗೆಷ್ಟು ಪಾಲು, ಎಷ್ಟು ಫ್ಲಾಟು, ಎಷ್ಟು ಕಾರ್ ಪಾರ್ಕಿಂಗು. ನಾನು ಹೇಳುವುದಿಷ್ಟೇ: ಮೊದಲು ಬೇರೆಯೇ ಒಂದು ಲೆಕ್ಕ ಮಾಡಿ. ಅಮ್ಮ ಯಾರ ಸಹಾಯವೂ ಇಲ್ಲದೆ, ತಾವೊಬ್ಬರೇ ನಡೆದು ಹೋಗಿ ಬರುವ ಜಾಗಗಳು ಯಾವುವು? ಹಾಲಿನ ಬೂತು, ಮೆಡಿಕಲ್ ಶಾಪು, ದೇವಸ್ಥಾನ, ಪಾರ್ಕಿನ ಬೆಂಚು, ಬ್ಯಾಂಕು, ರಕ್ತಪರೀಕ್ಷೆಯ ಲ್ಯಾಬು, ಸಂಜೆ ಹೋಗಿ ಕೂರುವ ಗೆಳತಿಯ ಮನೆ. ಒಂದು ಹಾಳೆಯಲ್ಲಿ ಬರೆದು, ಅಮ್ಮನ ನಡಿಗೆಯಲ್ಲಿ ಎಷ್ಟು ನಿಮಿಷ ಎಂದು ಪಕ್ಕದಲ್ಲಿ ಗುರುತು ಹಾಕಿ. ನಿಮ್ಮ ನಡಿಗೆಯಲ್ಲಲ್ಲ. ಮುಂದೆ ನೋಡುವ ಆಯ್ಕೆಗಳನ್ನೆಲ್ಲ ಈ ಹಾಳೆಯ ಪಕ್ಕ ಇಟ್ಟು ಅಳೆಯಬೇಕು.

ಈ ಬಡಾವಣೆಗಳನ್ನು ಮಾಡಿದ್ದೇ ನಡೆಯುವವರಿಗಾಗಿ. ಮಲ್ಲೇಶ್ವರ, ಬಸವನಗುಡಿ 1898ರ ಪ್ಲೇಗಿನ ನಂತರ ತುಂಬಿಕೊಂಡವು. ಅಶೋಕ ಪಿಲ್ಲರ್ ಹತ್ತಿರ ಜಯನಗರಕ್ಕೆ 1948ರಲ್ಲಿ ರಾಜಾಜಿಯವರು ಅಡಿಗಲ್ಲು ಇಟ್ಟಾಗ ಕಾರು ಇದ್ದವರು ಬೆರಳೆಣಿಕೆಯಷ್ಟು ಜನ. ಅದಕ್ಕೇ ಬ್ಲಾಕಿಗೊಂದು ಪಾರ್ಕು, ನಡೆದು ಹೋಗುವ ದೂರದಲ್ಲಿ ಅಂಗಡಿ ಸಾಲು, ಶಾಲೆ. ನಾಲ್ಕನೇ ಟಿ ಬ್ಲಾಕಿನಲ್ಲಿ ಸರ್ಕಾರಿ ಜನರಲ್ ಆಸ್ಪತ್ರೆ, ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್. ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆ 1945ರಿಂದ ಇದೆ. ಅಲ್ಲಿಯ ವಾಚನಾಲಯಕ್ಕೂ ಸಂಜೆಯ ಉಪನ್ಯಾಸಕ್ಕೂ ನಡೆದೇ ಬರುವ ಹಿರಿಯರಿದ್ದಾರೆ. ಇವೆಲ್ಲ ಮನೆಯ ಬೆಲೆಯಲ್ಲಿ ಸೇರಿವೆ, ಆದರೆ ಬಿಲ್ಡರ್ ಕೊಡುವ ಕಾಗದದಲ್ಲಿ ಎಲ್ಲೂ ಕಾಣುವುದಿಲ್ಲ.

ಇರುವ ಮನೆಯನ್ನೇ ತಿದ್ದಿಕೊಳ್ಳುವುದು

ಬಹಳ ಮನೆಗಳಲ್ಲಿ ಈ ಆಯ್ಕೆಯನ್ನು ಯಾರೂ ಗಂಭೀರವಾಗಿ ನೋಡುವುದೇ ಇಲ್ಲ. "ಹಳೇ ಮನೆ, ಎಷ್ಟು ದುಡ್ಡು ಹಾಕಿದರೂ ಅಷ್ಟೇ" ಎಂದು ಬಿಟ್ಟುಬಿಡುತ್ತಾರೆ. ಆದರೆ ಹಿರಿಯರು ಬೀಳುವ ಜಾಗಗಳು ಎರಡು ಮೂರೇ, ಅವನ್ನು ಸರಿಮಾಡುವುದು ದೊಡ್ಡ ಕೆಲಸವಲ್ಲ.

ಮೊದಲು ಬಚ್ಚಲುಮನೆ. ಹಳೇ ಮನೆಗಳಲ್ಲಿ ಬಚ್ಚಲಿನ ನೆಲ ಹಜಾರಕ್ಕಿಂತ ನಾಲ್ಕು ಬೆರಳು ಕೆಳಗೆ, ಬಾಗಿಲಲ್ಲಿ ಒಂದು ಕಟ್ಟೆ. ರಾತ್ರಿ ನಿದ್ದೆಗಣ್ಣಲ್ಲಿ ಎಡವುವುದು ಅಲ್ಲೇ. ಬಾಗಿಲಿನ ಅಗಲ ಎರಡು, ಎರಡೂಕಾಲು ಅಡಿ. ಗಾಲಿಕುರ್ಚಿ ಹೋಗಬೇಕಾದರೆ ಅಡ್ಡಿಯಿಲ್ಲದ 900 ಮಿಲಿಮೀಟರ್, ಅಂದರೆ ಮೂರು ಅಡಿ ಬೇಕು. ಕಟ್ಟೆ ಒಡೆದು, ಬಾಗಿಲು ಹೊರಕ್ಕೆ ತೆರೆಯುವ ಹಾಗೆ ಮಾಡಿಸಿ. ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ಕಮೋಡಿನ ಪಕ್ಕ ಗೋಡೆಗೆ ಹಿಡಿಕಂಬಿ ಕೂರಿಸುವಾಗ ಟೈಲ್ಸಿಗೆ ಸ್ಕ್ರೂ ಹೊಡೆದು ಬಿಟ್ಟರೆ ಸಾಲದು, ಇಟ್ಟಿಗೆಯೊಳಗೆ ಆಂಕರ್ ಬೋಲ್ಟ್ ಇಳಿಯಬೇಕು. ಕೆಲಸ ಮುಗಿದ ಮೇಲೆ ನೀವೇ ಪೂರ್ತಿ ಭಾರ ಹಾಕಿ ಜೋತುಬಿದ್ದು ನೋಡಿ, ಆಮೇಲೆ ಅಪ್ಪನನ್ನು ಹಿಡಿಯಲು ಬಿಡಿ.

ಎರಡನೆಯದು ಮುಂಬಾಗಿಲ ಮೆಟ್ಟಿಲು. ಇಲ್ಲಿ ಸೈಟಿನ ಅಳತೆ ಅಡ್ಡ ಬರುತ್ತದೆ. ಇಳಿಜಾರು ಒಂದಕ್ಕೆ ಹನ್ನೆರಡು ಇರಬೇಕು ಎನ್ನುವುದು ನಿಯಮ. ಪಾಯ ಎರಡು ಅಡಿ ಎತ್ತರವಿದ್ದರೆ ಇಳಿಜಾರು 24 ಅಡಿ ಉದ್ದ ಬೇಕು. ನಲವತ್ತು-ಅರವತ್ತರ ಸೈಟಿನಲ್ಲಿ ಪಕ್ಕದ ಜಾಗಕ್ಕೆ ತಿರುಗಿಸಿಕೊಂಡು ಮಾಡಬಹುದು. ಮೂವತ್ತು-ನಲವತ್ತರಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಆಗದ ಕಡೆ ಹತ್ತಡಿಯ ಕಡಿದಾದ ಇಳಿಜಾರು ಮಾಡಿಸುವುದಕ್ಕಿಂತ ಎರಡೂ ಬದಿ ಕಂಬಿ ಇರುವ, ಕಡಿಮೆ ಎತ್ತರದ ಅಗಲ ಮೆಟ್ಟಿಲುಗಳೇ ವಾಸಿ.

ಈ ಆಯ್ಕೆಯ ನಿಜವಾದ ಕೊರತೆ ಕಟ್ಟಡದ್ದಲ್ಲ, ರಾತ್ರಿಯದು. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಯಾರು ಬರುತ್ತಾರೆ? ಮಹಡಿ ಮನೆಯಿದ್ದರೆ ಬಾಡಿಗೆ ಸ್ವಲ್ಪ ಕಡಿಮೆ ಮಾಡಿಯಾದರೂ ಜವಾಬ್ದಾರಿಯುಳ್ಳ ಕುಟುಂಬಕ್ಕೆ ಕೊಡುವುದು ಒಳ್ಳೆಯದು. ಅವರ ಹತ್ತಿರ ಒಂದು ಬೀಗದ ಕೈ ಇರಲಿ, ಕರೆಗಂಟೆಯ ತಂತಿ ಅವರ ಹಜಾರಕ್ಕೂ ಹೋಗಲಿ. ಬೆಂಗಳೂರಿನಲ್ಲಿ ಹಿರಿಯರ ಸಹಾಯವಾಣಿ 1090, ದೇಶಕ್ಕೆಲ್ಲ 14567 ಇದೆ. ಫೋನಿನ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆದಿಡಿ.

ದುಡ್ಡಿನ ಕೊರತೆಯೊಂದೇ ಕಾರಣವಾಗಿದ್ದರೆ ಮಾರುವ ಮೊದಲು ರಿವರ್ಸ್ ಮಾರ್ಟ್‌ಗೇಜ್ ವಿಚಾರಿಸಿ. 2007ರ ಬಜೆಟ್ಟಿನಲ್ಲಿ ಬಂದ ಯೋಜನೆ ಇದು. ಅರವತ್ತು ದಾಟಿದವರು ಸ್ವಂತ ಮನೆಯ ಮೇಲೆ ಬ್ಯಾಂಕಿನಿಂದ ಕಂತುಕಂತಾಗಿ ಹಣ ಪಡೆಯುತ್ತಾರೆ. ಹೀಗೆ ಬರುವ ಹಣ ಸಾಲವೇ ಆದ್ದರಿಂದ ಆದಾಯ ತೆರಿಗೆ ಬೀಳುವುದಿಲ್ಲ, ಗಂಡ ಹೆಂಡತಿಯಲ್ಲಿ ಒಬ್ಬರಾದರೂ ಬದುಕಿರುವವರೆಗೆ ಮನೆ ಬಿಡಬೇಕಾಗಿಲ್ಲ. ಆಮೇಲೆ ಮಕ್ಕಳು ಸಾಲ ತೀರಿಸಿ ಮನೆ ಬಿಡಿಸಿಕೊಳ್ಳಬಹುದು. ನಮ್ಮಲ್ಲಿ ಇದನ್ನು ತೆಗೆದುಕೊಂಡವರು ತೀರ ಕಡಿಮೆ. ಮನೆ ಅಡವಿಟ್ಟರು ಎಂದು ನೆಂಟರು ಆಡಿಕೊಳ್ಳುತ್ತಾರೆ ಎನ್ನುವ ಭಯ ಅರ್ಥವಾಗುತ್ತದೆ. ಆದರೆ ಔಷಧಿಗೆ ಮಗನನ್ನು ಕೇಳಲಾರದೆ ಒದ್ದಾಡುವ ಅಪ್ಪಂದಿರಿಗೆ ಇದು ಗೌರವದ ದಾರಿ.

ಜಂಟಿ ಅಭಿವೃದ್ಧಿಗೆ ಕೊಡುವುದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಹೆಚ್ಚು ಜನ ಆರಿಸುವುದು ಇದನ್ನೇ, ಹೆಚ್ಚು ಜನ ಕೈಸುಟ್ಟುಕೊಳ್ಳುವುದೂ ಇಲ್ಲೇ.

ಲೆಕ್ಕ ಸರಳ. ಜಾಗ ನಿಮ್ಮದು, ಕಟ್ಟುವ ಖರ್ಚು ಬಿಲ್ಡರ್‌ದು, ಕಟ್ಟಿದ ಮೇಲೆ ಒಪ್ಪಿದ ಪ್ರಮಾಣದಲ್ಲಿ ಪಾಲು. ಅಪ್ಪ-ಅಮ್ಮನಿಗೆ ಅದೇ ಬೀದಿಯಲ್ಲಿ ಲಿಫ್ಟ್ ಇರುವ ಹೊಸ ಮನೆ, ಇನ್ನೊಂದು ಫ್ಲಾಟಿನಿಂದ ತಿಂಗಳ ಬಾಡಿಗೆ, ಮಕ್ಕಳಿಗೂ ಒಂದೊಂದು. ಆ ಹಾಳೆಯಲ್ಲಿ ಬರೆದ ದೇವಸ್ಥಾನ, ಹಾಲಿನ ಬೂತು ಎಲ್ಲ ಇದ್ದ ಹಾಗೇ ಇರುತ್ತವೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ ಮೊದಲ ವಿಷಯ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಕುರಿತದ್ದು. 2016ರ ಈ ಕಾಯ್ದೆ ಬಂದ ಮೇಲೆ ಬಿಲ್ಡರ್‌ಗಳೆಲ್ಲ ಹದ್ದುಬಸ್ತಿನಲ್ಲಿದ್ದಾರೆ ಎಂದುಕೊಂಡಿರುತ್ತೇವೆ. ಆದರೆ ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಮನೆಗಳು ಎಂಟು ಮೀರದಿದ್ದರೆ ನೋಂದಣಿ ಬೇಕಾಗಿಲ್ಲ. ನಲವತ್ತು-ಅರವತ್ತರ ಸೈಟು ಎಂದರೆ 2400 ಚದರಡಿ, ಸುಮಾರು 223 ಚದರ ಮೀಟರ್. ಅಂದರೆ ಜಯನಗರದ, ಮಲ್ಲೇಶ್ವರದ ಬಹುಪಾಲು ಜೆವಿಗಳು ಈ ನೋಂದಣಿಯ ಹೊರಗೇ ಉಳಿಯುತ್ತವೆ. ಖರೀದಿದಾರರ ಹಣದಲ್ಲಿ ನೂರಕ್ಕೆ 70 ಭಾಗ ಪ್ರತ್ಯೇಕ ಖಾತೆಯಲ್ಲಿರಬೇಕು, ಐದು ವರ್ಷದೊಳಗೆ ಕಂಡ ರಚನಾ ದೋಷವನ್ನು ಬಿಲ್ಡರೇ ಸರಿಪಡಿಸಬೇಕು ಎನ್ನುವಂಥ ರಕ್ಷಣೆ ತಾನಾಗಿಯೇ ಸಿಗುತ್ತದೆ ಎಂದು ನಂಬಿ ಕೂರಬೇಡಿ. ಬೇಕಾದದ್ದನ್ನೆಲ್ಲ ಅಗ್ರಿಮೆಂಟಿನಲ್ಲಿ ನೀವೇ ಬರೆಸಿಕೊಳ್ಳಬೇಕು.

ಹಾಗಾದರೆ ಏನು ಬರೆಸಿಕೊಳ್ಳಬೇಕು? ಮನೆ ಖಾಲಿ ಮಾಡುವ ದಿನದಿಂದ ಕೀಲಿ ಕೈಗೆ ಬರುವ ದಿನದವರೆಗೆ ಬಾಡಿಗೆ ಬಿಲ್ಡರ್‌ದು. "18 ತಿಂಗಳವರೆಗೆ" ಎಂದು ಬರೆದರೆ ಹತ್ತೊಂಬತ್ತನೇ ತಿಂಗಳು ನಿಮ್ಮ ತಲೆಯ ಮೇಲೆ ಬರುತ್ತದೆ. ಖಾಲಿ ಮಾಡುವುದು ನಕ್ಷೆ ಮಂಜೂರಾದ ಮೇಲೆಯೇ, ಮೊದಲಲ್ಲ. ನಿಮ್ಮ ಪಾಲು ಯಾವ ಮಹಡಿಯ ಯಾವ ದಿಕ್ಕಿನ ಮನೆ ಎನ್ನುವುದು ನಕ್ಷೆಯ ಮೇಲೆ ಬಣ್ಣ ಹಾಕಿ ಗುರುತಾಗಿರಬೇಕು, ಆ ನಕ್ಷೆ ಅಗ್ರಿಮೆಂಟಿನ ಜೊತೆಯೇ ನೋಂದಣಿಯಾಗಬೇಕು. ನಿಮ್ಮ ಪರವಾಗಿ ಸಹಿ ಹಾಕಲು ಬಿಲ್ಡರ್‌ಗೆ ಕೊಡುವ ಅಧಿಕಾರ ಪತ್ರ (ಜಿಪಿಎ) ಅವನ ಪಾಲಿಗಷ್ಟೇ ಸೀಮಿತವಾಗಿರಲಿ. ನಿಮ್ಮ ಪಾಲನ್ನು ಒಪ್ಪಿಸುವ ಮೊದಲು ಅವನು ತನ್ನ ಪಾಲಿನ ಕೊನೆಯ ಫ್ಲಾಟನ್ನು ಮಾರುವ ಹಾಗಿಲ್ಲ ಎಂದು ಬರೆಸಿ. ಹೀಗೆ ಬರೆಸಿಕೊಳ್ಳದ ಒಂದು ಕುಟುಂಬವನ್ನು ಹತ್ತಿರದಿಂದ ಬಲ್ಲೆ. ಬಿಲ್ಡರ್ ತನ್ನ ಪಾಲನ್ನೆಲ್ಲ ಮಾರಿ, ಅವರ ಮನೆಗೆ ಕಿಟಕಿ ಕೂರಿಸುವ ಮುಂಚೆ ಬೇರೆ ಸೈಟಿನ ಕೆಲಸ ಹಿಡಿದಿದ್ದ.

ಓಸಿ, ಅಂದರೆ ಕಟ್ಟಡದಲ್ಲಿ ವಾಸಕ್ಕೆ ಪಾಲಿಕೆ ಕೊಡುವ ಸ್ವಾಧೀನ ಪತ್ರದ ವಿಷಯದಲ್ಲಿ ಈಗ ಬಿಗಿಯಾಗಿರಲೇಬೇಕು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನ ಪತ್ರವಿಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಎಂದು ತೀರ್ಪು ಕೊಟ್ಟ ಮೇಲೆ, ಮಂಜೂರಾದ ನಕ್ಷೆ ಮೀರಿ ಒಂದು ಮಹಡಿ ಏರಿಸಿದ ಕಟ್ಟಡಗಳು ಕಾಯಂ ಮೀಟರ್ ಇಲ್ಲದೆ ನಿಂತಿವೆ. "ಎಲ್ಲರೂ ಒಂದು ಫ್ಲೋರ್ ಎಕ್ಸ್‌ಟ್ರಾ ಹಾಕ್ತಾರೆ ಸರ್" ಎನ್ನುವ ಮಾತಿಗೆ ಒಪ್ಪಬೇಡಿ. ಆ ಹೆಚ್ಚುವರಿ ಮಹಡಿಯ ಲಾಭ ಅವನಿಗೆ, ತಾತ್ಕಾಲಿಕ ಮೀಟರಿನ ದುಬಾರಿ ಬಿಲ್ಲು ನಿಮ್ಮ ಅಪ್ಪನಿಗೆ.

ತೆರಿಗೆಯಲ್ಲಿ ಒಂದು ಸಮಾಧಾನವಿದೆ. 2017ರ ಹಣಕಾಸು ಕಾಯ್ದೆಯ ನಂತರ, ವ್ಯಕ್ತಿಗಳು ಮತ್ತು ಅವಿಭಕ್ತ ಕುಟುಂಬಗಳು ನೋಂದಾಯಿತ ಜಂಟಿ ಅಭಿವೃದ್ಧಿ ಒಪ್ಪಂದ (ಜೆಡಿಎ) ಮಾಡಿಕೊಂಡರೆ ಬಂಡವಾಳ ಲಾಭದ ತೆರಿಗೆ ಸಹಿ ಹಾಕಿದ ವರ್ಷಕ್ಕಲ್ಲ, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಬಂದ ವರ್ಷಕ್ಕೆ ಬೀಳುತ್ತದೆ. ನಡುವೆ ನಿಮ್ಮ ಪಾಲನ್ನು ಮಾರಿದರೆ ಈ ಅನುಕೂಲ ತಪ್ಪುತ್ತದೆ. ಬಂದ ಮನೆಗಳಲ್ಲಿ ಎಷ್ಟಕ್ಕೆ ವಿನಾಯಿತಿ ಎನ್ನುವುದನ್ನು ಸಹಿಗೆ ಮೊದಲೇ ಆಡಿಟರ್ ಹತ್ತಿರ ಕೂತು ಲೆಕ್ಕ ಹಾಕಿಸಿ.

ಇನ್ನು ಹಿರಿಯರಿಗಾಗಿ ನೋಡಬೇಕಾದ ಒಂದು ವಿವರ. ಸ್ಟಿಲ್ಟ್ ಪಾರ್ಕಿಂಗಿನಲ್ಲಿ ಮಳೆನೀರು ನುಗ್ಗದಿರಲಿ ಎಂದು ಲಿಫ್ಟಿನ ಮುಂದಿನ ಜಾಗವನ್ನು ಎರಡು ಮೂರು ಮೆಟ್ಟಿಲು ಎತ್ತರಿಸುತ್ತಾರೆ. ಲಿಫ್ಟ್ ಇದ್ದೂ ಗಾಲಿಕುರ್ಚಿ ಅದರ ತನಕ ಹೋಗುವುದಿಲ್ಲ. ನಕ್ಷೆಯ ಹಂತದಲ್ಲೇ ಅಲ್ಲಿ ಇಳಿಜಾರು ಬರೆಸಿ. ಲಿಫ್ಟಿನೊಳಗೆ ಗಾಲಿಕುರ್ಚಿಯೂ ಅದನ್ನು ತಳ್ಳುವವರೂ ಹಿಡಿಸುತ್ತಾರೆಯೇ, ಕರೆಂಟು ಹೋದಾಗ ಜನರೇಟರ್‌ಗೆ ಲಿಫ್ಟ್ ಸೇರಿದೆಯೇ ಎಂದೂ ಕೇಳಿ. ಅಪ್ಪ-ಅಮ್ಮನಿಗೆ ಮೊದಲ ಮಹಡಿ ಇಟ್ಟುಕೊಳ್ಳಿ. ಮೇಲಿನ ಮಹಡಿಗೆ ಗಾಳಿ ಬೆಳಕು ಚೆನ್ನಾಗಿರುತ್ತದೆ ನಿಜ, ಆದರೆ ಲಿಫ್ಟ್ ಕೆಟ್ಟ ದಿನ ಅವರು ಅಲ್ಲೇ ಉಳಿಯಬೇಕಾಗುತ್ತದೆ.

ಕೊನೆಗೆ ಸಮಯ. ನಕ್ಷೆ, ಕೆಡವುವುದು, ಕಟ್ಟುವುದು, ಓಸಿ ಎಲ್ಲ ಸೇರಿ ಎರಡರಿಂದ ಮೂರು ವರ್ಷ ಹಿಡಿಯುವುದು ಮಾಮೂಲು. ಅರವತ್ತೈದರವರಿಗೆ ಅದು ದೊಡ್ಡದಲ್ಲ. ಎಂಬತ್ತು ಸಮೀಪಿಸಿದವರಿಗೆ, ಅದರಲ್ಲೂ ಮರೆವು ಶುರುವಾದವರಿಗೆ, ಗುರುತಿಲ್ಲದ ಬಾಡಿಗೆ ಮನೆಯಲ್ಲಿ ಮೂರು ವರ್ಷ ಎಂದರೆ ಉಳಿದಿರುವ ಆಯಸ್ಸಿನ ದೊಡ್ಡ ಪಾಲು. ಎಂಬತ್ತರ ಹತ್ತಿರದವರು ಇರುವ ಮನೆಯನ್ನು ಕೆಡವಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಸೈಟು ಎಲ್ಲಿಗೂ ಓಡಿಹೋಗುವುದಿಲ್ಲ.

ಹೆಸರಿನ ಮಾತೂ ಇಲ್ಲೇ ಬರಲಿ. ಜೆವಿಗೆ ಮೊದಲು "ಸುಲಭವಾಗುತ್ತದೆ" ಎಂದು ಮಗನ ಹೆಸರಿಗೆ ದಾನಪತ್ರ ಮಾಡುವ ಪದ್ಧತಿಯಿದೆ. ಬೇಡ. ಮಾಡಲೇಬೇಕಾದರೆ, ಕೊನೆಯವರೆಗೆ ನೋಡಿಕೊಳ್ಳಬೇಕು ಎನ್ನುವ ಷರತ್ತು ಆ ಪತ್ರದಲ್ಲೇ ಇರಲಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಯಲ್ಲಿ ಆ ದಾನವನ್ನು ರದ್ದು ಮಾಡಿಸಬಹುದು. ಷರತ್ತು ಬರಹದಲ್ಲಿದ್ದರೆ ಹಿರಿಯರ ದಾರಿ ಸುಲಭ. ಹೆಣ್ಣುಮಕ್ಕಳ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ. ಪಿತ್ರಾರ್ಜಿತವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅವರಿಗೂ ಸಮಪಾಲಿದೆ. ಸಹಿ ಬಿಟ್ಟುಹೋದ ಒಬ್ಬ ತಂಗಿಯಿಂದ ಅರ್ಧ ಎದ್ದ ಕಟ್ಟಡ ನಿಂತುಬಿಡಬಹುದು, ಅವಳ ಕಡೆಯೇ ನ್ಯಾಯವಿರುತ್ತದೆ.

ಹಳೇ ಅಪಾರ್ಟ್‌ಮೆಂಟಿನಲ್ಲಿ ಇರುವವರ ಕಥೆ ಬೇರೆ. ಮಹಾರಾಷ್ಟ್ರದ ಸೊಸೈಟಿಗಳಿಗೆ 2019ರ ಮಾರ್ಗಸೂಚಿಯಲ್ಲಿ ಕೆಡವಿ ಕಟ್ಟಲು ನೂರಕ್ಕೆ 51 ಭಾಗ ಸದಸ್ಯರ ಒಪ್ಪಿಗೆ ಸಾಕು. ನಮ್ಮಲ್ಲಿ ಪ್ರತಿಯೊಬ್ಬರಿಗೂ ಭೂಮಿಯಲ್ಲಿ ಅವಿಭಜಿತ ಪಾಲು ಇರುವುದರಿಂದ, ಹೆಚ್ಚುಕಡಿಮೆ ಎಲ್ಲರ ಸಹಿಯಿಲ್ಲದೆ ಕೆಲಸ ಸಾಗುವುದಿಲ್ಲ. ಎಂಟು ಮನೆಯ ಕಟ್ಟಡದಲ್ಲಿ ಮಾತುಕತೆಯಿಂದ ಆಗಬಹುದು. ಅರವತ್ತು ಮನೆಯದ್ದಾದರೆ ಲಿಫ್ಟ್, ಪೈಪು, ವೈರಿಂಗ್ ಬದಲಿಸುವುದಕ್ಕೆ ದುಡ್ಡು ಹಾಕುವುದೇ ಬುದ್ಧಿವಂತಿಕೆ.

ಅದೇ ಬಡಾವಣೆಯಲ್ಲಿ ಬಾಡಿಗೆಗೆ ಹೋಗುವುದು

ಇದನ್ನು ಯಾರೂ ಸೂಚಿಸುವುದಿಲ್ಲ, ಏಕೆಂದರೆ ಇದರಲ್ಲಿ ಯಾರಿಗೂ ದೊಡ್ಡ ಕಮಿಷನ್ ಇಲ್ಲ. ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು, ಎರಡು ಬೀದಿ ಆಚೆ ಲಿಫ್ಟ್ ಇರುವ ಕಟ್ಟಡದಲ್ಲಿ ಎರಡು ಕೋಣೆಯ ಮನೆ ಹಿಡಿಯುವುದು. ಬಡಾವಣೆ ಅದೇ, ಹೂವಿನವಳು ಅದೇ, ಡಾಕ್ಟರು ಅದೇ. ಗುಡಿಸಿ ಸಾರಿಸುವ ಜಾಗ ಅರ್ಧಕ್ಕಿಳಿಯುತ್ತದೆ. ಅಕ್ಕಪಕ್ಕ ಗೋಡೆಗೆ ಗೋಡೆ ಮನೆಗಳಿರುವುದರಿಂದ ರಾತ್ರಿಯ ಭಯವೂ ಕಡಿಮೆ. ಒಗ್ಗದಿದ್ದರೆ ಹನ್ನೊಂದು ತಿಂಗಳಿಗೆ ವಾಪಸ್ ಬರಬಹುದು. ಬೇರೆ ಯಾವ ಆಯ್ಕೆಯಲ್ಲೂ ಹಿಂದಿರುಗುವ ದಾರಿ ಇಷ್ಟು ಸಲೀಸಲ್ಲ. ಸ್ವಂತ ಮನೆ ಇಟ್ಟುಕೊಂಡು ಬಾಡಿಗೆ ಮನೆಗೆ ಹೋಗುವುದೇ ಎಂದು ಅಪ್ಪ ಮುನಿಸಿಕೊಳ್ಳಬಹುದು. ಒಂದು ಮಳೆಗಾಲದ ಮಟ್ಟಿಗೆ ಎಂದು ಶುರುಮಾಡಿ ನೋಡಿ.

ಊರ ಹೊರಗಿನ ಹಿರಿಯರ ವಸತಿ ಸಮುಚ್ಚಯ

ದೇವನಹಳ್ಳಿ, ಕನಕಪುರ ರಸ್ತೆ, ಸರ್ಜಾಪುರ, ಎಲೆಕ್ಟ್ರಾನಿಕ್ ಸಿಟಿಯ ಆಚೆ ಇವು ಎದ್ದಿವೆ. ಇವುಗಳ ಒಳ್ಳೆಯ ಗುಣವನ್ನು ಮನಸ್ಸಿಟ್ಟು ಹೇಳಬೇಕು. ಗಂಡ ತೀರಿಕೊಂಡ ಮೇಲೆ ದೊಡ್ಡ ಮನೆಯಲ್ಲಿ ಟಿವಿ ಜೊತೆ ಮಾತಾಡುತ್ತಾ ಕೂತಿದ್ದ ಹೆಂಗಸರು ಇಲ್ಲಿ ಭಜನೆ, ಕೇರಂ, ಬೆಳಗಿನ ನಡಿಗೆ ಎಂದು ಮತ್ತೆ ಚುರುಕಾಗಿದ್ದಾರೆ. ಮೂರು ಹೊತ್ತು ಊಟ ಸಿಗುತ್ತದೆ, ಗುಂಡಿ ಒತ್ತಿದರೆ ನರ್ಸ್ ಬರುತ್ತಾರೆ, ಬಾತ್‌ರೂಮಿನಲ್ಲಿ ಹಿಡಿಕಂಬಿ ಮೊದಲೇ ಇರುತ್ತದೆ. ಮಕ್ಕಳೆಲ್ಲ ವಿದೇಶದಲ್ಲಿದ್ದು ಬಡಾವಣೆಯ ಗೆಳೆಯರೂ ಚದುರಿಹೋಗಿದ್ದರೆ ಇದು ಸರಿಯಾದ ಆಯ್ಕೆ.

ಆದರೆ ಬ್ರೋಷರಿನ ಫೋಟೋ ಬದಿಗಿಟ್ಟು ಕೆಲವು ಪ್ರಶ್ನೆ ಕೇಳಬೇಕು. ಇದು ಕ್ರಯವೋ, ದೀರ್ಘಾವಧಿ ಲೀಸೋ, ಡೆಪಾಸಿಟ್ಟೋ? ಲೀಸಾದರೆ ಬಿಟ್ಟುಹೋಗುವಾಗ ಎಷ್ಟು ಕಡಿತ, ಎಷ್ಟು ದಿನದಲ್ಲಿ ವಾಪಸ್? ಕ್ರಯವಾದರೆ, ಐವತ್ತು ದಾಟದ ಮಗಳಿಗೆ ಉತ್ತರಾಧಿಕಾರದಲ್ಲಿ ಬಂದಾಗ ಅವಳು ಅಲ್ಲಿ ವಾಸ ಮಾಡಬಹುದೇ, ಇಲ್ಲದಿದ್ದರೆ ಮಾರಲು ಯಾರ ಅನುಮತಿ ಬೇಕು? ತಿಂಗಳ ಶುಲ್ಕ ವರ್ಷಕ್ಕೆ ಎಷ್ಟು ಏರುತ್ತದೆ, ಆ ಏರಿಕೆಗೆ ಮಿತಿ ಬರಹದಲ್ಲಿದೆಯೇ? ಪಿಂಚಣಿ ಅದರ ಸಮಕ್ಕೆ ಏರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಹಾಸಿಗೆ ಹಿಡಿದರೆ ಅಥವಾ ಮರೆವಿನ ಕಾಯಿಲೆ ಬಂದರೆ ಇಲ್ಲೇ ಇಟ್ಟುಕೊಳ್ಳುತ್ತಾರೋ, "ನಿಮ್ಮವರನ್ನು ಕರೆದುಕೊಂಡು ಹೋಗಿ" ಎನ್ನುತ್ತಾರೋ? ಹಲವು ಕಡೆ ಸ್ವತಂತ್ರವಾಗಿ ಓಡಾಡುವವರಿಗೆ ಮಾತ್ರ ಜಾಗ. ಅಂದರೆ ಅತಿ ಹೆಚ್ಚು ಆಸರೆ ಬೇಕಾದ ವಯಸ್ಸಿನಲ್ಲಿ ಎರಡನೇ ಸಲ ಮನೆ ಬದಲಿಸಬೇಕು.

ಕೇಂದ್ರದ ವಸತಿ ಮತ್ತು ನಗರ ವ್ಯವಹಾರ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಕಟ್ಟಡ ಹೇಗಿರಬೇಕು, ಕರಾರಿನಲ್ಲಿ ಏನಿರಬೇಕು ಎಂದೆಲ್ಲ ಅದರಲ್ಲಿದೆ. ಮಾದರಿಯಷ್ಟೇ, ತಾನಾಗಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೂ ಪ್ರಿಂಟ್ ತೆಗೆದು ಸೇಲ್ಸ್ ಆಫೀಸಿಗೆ ಒಯ್ಯಿರಿ. ಅದನ್ನು ಎಂದೂ ನೋಡಿಲ್ಲ ಎನ್ನುವ ಕಡೆ ಮುಂಗಡ ಕೊಡಬೇಡಿ. ಈ ಯೋಜನೆಗಳು ದೊಡ್ಡವಾದ್ದರಿಂದ ಮಾರಾಟಕ್ಕಿಟ್ಟವು ರೇರಾ ನೋಂದಣಿಗೆ ಒಳಪಡುತ್ತವೆ. ಸಂಖ್ಯೆ ಕೇಳಿ, ರೇರಾ ತಾಣದಲ್ಲಿ ನೀವೇ ಹುಡುಕಿ ನೋಡಿ.

ದೂರದ ಮಾತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲೆ ಆ ಕಡೆಯ ಸಮುಚ್ಚಯಗಳಿಂದ ಜಯನಗರಕ್ಕೆ ಬಂದು ಹೋಗುವುದು ಸುಲಭವಾಗಿದೆ. ಆದರೆ ಸ್ಟೇಷನ್ನಿನಿಂದ ಗೇಟಿನವರೆಗಿನ ಕೊನೆಯ ಮೂರು ನಾಲ್ಕು ಕಿಲೋಮೀಟರಿಗೆ ಆಟೋ ಸಿಗುತ್ತದೆಯೇ ಎಂದು ಸಂಜೆ ಏಳರ ನಂತರ ಹೋಗಿಯೇ ನೋಡಬೇಕು. ದುಡ್ಡು ಕಟ್ಟುವ ಮೊದಲು ಒಂದು ತಿಂಗಳು ಬಾಡಿಗೆಗೆ ಇದ್ದು ನೋಡುವ ಅವಕಾಶ ಕೇಳಿ. ಸಾರಿಗೆ ಹುಣಿಸೇಹಣ್ಣು ಹಾಕುತ್ತಾರೋ ಇಲ್ಲವೋ, ಊಟದ ಮೇಜಿನಲ್ಲಿ ಕನ್ನಡ ಮಾತಾಡುವವರು ನಾಲ್ಕು ಜನವಾದರೂ ಇದ್ದಾರೋ ಎನ್ನುವುದು ಸಣ್ಣ ವಿಷಯವಲ್ಲ. ಎಂಬತ್ತರ ಅಮ್ಮ ಇಂಗ್ಲಿಷಿನಲ್ಲಿ ಹೊಸ ಸ್ನೇಹ ಕಟ್ಟಲಿ ಎಂದು ಬಯಸುವುದು ನ್ಯಾಯವಲ್ಲ.

ಮೈಸೂರಿಗೆ ಹೋಗೋಣ ಎನ್ನುವವರೂ ಇದ್ದಾರೆ. ಅಲ್ಲಿ ಬಂಧುಗಳಿದ್ದರೆ ಖಂಡಿತ ಹೋಗಿ. ಕುವೆಂಪುನಗರ, ಸರಸ್ವತಿಪುರಂ ಇಂದಿಗೂ ನಡೆಯಬಹುದಾದ ಬಡಾವಣೆಗಳು. ಬರೀ ಶಾಂತಿಗಾಗಿ ಎಂದರೆ ಮತ್ತೊಮ್ಮೆ ಯೋಚಿಸಿ.

ಇನ್ನು ಆರೈಕೆ ಕೇಂದ್ರ. ದಿನವಿಡೀ ಶುಶ್ರೂಷೆ ಬೇಕಾದಾಗ ಮನೆಯಲ್ಲಿ ಇಬ್ಬರು ಹೋಂ ನರ್ಸುಗಳನ್ನು ಇಟ್ಟುಕೊಳ್ಳುವುದಕ್ಕಿಂತ ಒಳ್ಳೆಯ ಕೇಂದ್ರ ಮೇಲು. ಇಲ್ಲಿ ಒಂದೇ ಅಳತೆ: ಮನೆಯವರಲ್ಲಿ ಒಬ್ಬರು ಕೆಲಸ ಮುಗಿಸಿ ಬರುವ ದಾರಿಯಲ್ಲಿ ಅದು ಇರಬೇಕು. ಯಾರ ಮನೆಯವರು ಹೇಳದೆ ಕೇಳದೆ ಯಾವಾಗ ಬೇಕಾದರೂ ಬರುತ್ತಾರೋ ಆ ಹಿರಿಯರನ್ನು ಸಿಬ್ಬಂದಿ ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಮನೆಯಾಚೆಗಿನ ಆಯ್ಕೆ: ಬಡಾವಣೆ ಹೇಗೆ ಬದಲಾಗಬೇಕು

ಇಷ್ಟು ಹೊತ್ತು ಒಂದು ಕುಟುಂಬದ ಲೆಕ್ಕವಾಯಿತು. ಆದರೆ ಬೀದಿಯ ಹತ್ತು ಮನೆಯವರೂ ಒಬ್ಬೊಬ್ಬರಾಗಿ ಜೆವಿಗೆ ಕೊಟ್ಟಾಗ ಆ ಬೀದಿಯೇ ಉಳಿಯುವುದಿಲ್ಲ. ಒಂದು ಮನೆಯ ಕಡೆ ನಾಲ್ಕು, ಒಂದು ಕಾರಿನ ಕಡೆ ಆರು. ಸ್ಟಿಲ್ಟಿನಲ್ಲಿ ಹಿಡಿಸದ ಕಾರು ಫುಟ್‌ಪಾತಿನ ಮೇಲೆ. ಗೇಟಿನ ಮುಂದೆ ಕಾರು ಹತ್ತಲೆಂದು ಪ್ರತಿ ಕಟ್ಟಡದವರೂ ಫುಟ್‌ಪಾತನ್ನು ತಮ್ಮಿಷ್ಟದ ಎತ್ತರಕ್ಕೆ ಇಳಿಸುತ್ತಾರೆ, ಏರಿಸುತ್ತಾರೆ. ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಅಂಚಿನ ಎತ್ತರ 150 ಮಿಲಿಮೀಟರಿಗಿಂತ ಹೆಚ್ಚಬಾರದು ಎಂದು ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ನಮ್ಮ ಅಡ್ಡರಸ್ತೆಗಳಲ್ಲಿ ಮೊಣಕಾಲೆತ್ತರದ ಚಪ್ಪಡಿಗಳಿವೆ, ನಡುವೆ ಟ್ರಾನ್ಸ್‌ಫಾರ್ಮರ್. ಹೀಗಾಗಿ ಹಿರಿಯರು ರಸ್ತೆಗಿಳಿದೇ ನಡೆಯುತ್ತಾರೆ. ಲಿಫ್ಟ್ ಇರುವ ಹೊಸ ಮನೆ ಸಿಕ್ಕಿತು, ಆದರೆ ಆ ಹಾಳೆಯಲ್ಲಿ ಬರೆದ ಜಾಗಗಳಿಗೆ ಹೋಗುವ ದಾರಿ ಹೋಯಿತು.

ಒಂದೊಂದೇ ಸೈಟು ಹೀಗೆ ಬದಲಾಗುವುದು ಒಂದು ಬಗೆ. ನಗರಪಾಲಿಕೆ ತನ್ನದೇ ಜಾಗವನ್ನು ಹಿರಿಯರಿಗಾಗಿ ಬಳಸುವುದು ಇನ್ನೊಂದು. ಸಿಂಗಪುರದ ಕಂಪೊಂಗ್ ಅಡ್ಮಿರಾಲ್ಟಿ ಇದಕ್ಕೆ ಸರಿಯಾದ ಉದಾಹರಣೆ. ಮೆಟ್ರೋ ನಿಲ್ದಾಣದ ಪಕ್ಕ ಸುಮಾರು ಎರಡೂಕಾಲು ಎಕರೆ ಜಾಗದಲ್ಲಿ ಒಂದೇ ಕಟ್ಟಡ: ಕೆಳಗೆ ಜನ ಸೇರುವ ಬಯಲು, ಅದರ ಮೇಲೆ ಅಗ್ಗದ ಊಟದ ಅಂಗಡಿಗಳು, ಅದರ ಮೇಲೆ ಚಿಕಿತ್ಸಾ ಕೇಂದ್ರ, ಪುಟ್ಟ ಮಕ್ಕಳ ಪಾಲನಾ ಕೇಂದ್ರ, ಜೊತೆಗೆ ಹಿರಿಯರಿಗೆಂದೇ 104 ಸಣ್ಣ ಮನೆಗಳು. 2018ರಲ್ಲಿ ಅದಕ್ಕೆ ವಿಶ್ವದ ವರ್ಷದ ಕಟ್ಟಡವೆಂಬ ಪ್ರಶಸ್ತಿ ಬಂತು. ಸಿಂಗಪುರದ ದುಡ್ಡು ನಮ್ಮಲ್ಲಿಲ್ಲ, ಒಪ್ಪೋಣ. ಆದರೆ ಬಡಾವಣೆಯ ನಟ್ಟನಡುವೆ, ಬಸ್ ಸ್ಟ್ಯಾಂಡಿನ ಪಕ್ಕ, ಅರ್ಧ ಖಾಲಿ ಬಿದ್ದ ಸರ್ಕಾರಿ ವಾಣಿಜ್ಯ ಸಂಕೀರ್ಣಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವನ್ನು ಕೆಡವಿ ಖಾಸಗಿಯವರ ಜೊತೆ ಸೇರಿ ಮಾಲ್ ಕಟ್ಟುವ ಯೋಜನೆಗಳು ಬಂದಾಗಲೆಲ್ಲ ನಿವಾಸಿಗಳು ವಿರೋಧಿಸಿದ್ದಾರೆ, ಸರಿಯಾಗಿಯೇ ವಿರೋಧಿಸಿದ್ದಾರೆ. ಆ ವಿರೋಧದ ಜೊತೆಗೆ ಒಂದು ಬೇಡಿಕೆಯನ್ನೂ ಇಡಬೇಕು: ಮೇಲಿನ ಎರಡು ಮಹಡಿ ಹಿರಿಯರ ಬಾಡಿಗೆ ಮನೆಗಳಿಗೆ, ನೆಲಮಹಡಿಯಲ್ಲಿ ಒಂದು ಹಗಲು ಆರೈಕೆ ಕೇಂದ್ರ. ಮಲ್ಲೇಶ್ವರದ ಅಜ್ಜಿ ಮಲ್ಲೇಶ್ವರದಲ್ಲೇ ಇರಬೇಕಾದರೆ ಇದಕ್ಕಿಂತ ನೇರ ದಾರಿ ನನಗೆ ಕಾಣುವುದಿಲ್ಲ.

ಕೇಳುವ ಜಾಗ ಯಾವುದು? ಬೆಂಗಳೂರಿಗೆ ಇಂದಿಗೂ ಆಧಾರ 2007ರಲ್ಲಿ ಮಂಜೂರಾದ, 2015ರವರೆಗಿನ ಮಹಾಯೋಜನೆ (ಮಾಸ್ಟರ್ ಪ್ಲಾನ್). 2031ರ ಕರಡು 2017ರ ನವೆಂಬರಿನಲ್ಲಿ ಹೊರಬಂದು, ಸಾವಿರಾರು ಆಕ್ಷೇಪಣೆಗಳ ನಂತರ ಹಿಂದಕ್ಕೆ ಹೋಯಿತು. ಹೊಸ ಕರಡು ಬಂದಾಗ ಮತ್ತೆ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ, ಕಾಯ್ದೆಯಲ್ಲಿ ವಾರ್ಡ್ ಸಮಿತಿಗಳಿವೆ. ಅಲ್ಲಿ "ಹಿರಿಯರಿಗೆ ಏನಾದರೂ ಮಾಡಿ" ಎಂದರೆ ಕಡತಕ್ಕೆ ಏನೂ ಸೇರುವುದಿಲ್ಲ. ಯಾವ ಅಡ್ಡರಸ್ತೆ, ಯಾವ ಮನೆ ನಂಬರಿನಿಂದ ಯಾವ ನಂಬರಿನವರೆಗೆ, ಫುಟ್‌ಪಾತು ಎಷ್ಟು ಅಡಿ, ಅಂಚು ಎಷ್ಟು ಇಂಚು, ಯಾವ ಸರ್ಕಾರಿ ಕಟ್ಟಡದ ಯಾವ ಮಹಡಿ ಖಾಲಿ ಎಂದು ಬರೆಯಿರಿ. ಟೇಪು ಹಿಡಿದು ಅಳೆದ ಫೋಟೋ ಲಗತ್ತಿಸಿ, ಬೀದಿಯ ಹಿರಿಯರ ಸಹಿ ಹಾಕಿಸಿ, ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿಯ ಮೊಹರು ಇರುವ ಪ್ರತಿ ಇಟ್ಟುಕೊಳ್ಳಿ. ಮುಂದಿನ ಸಭೆಯಲ್ಲಿ ಆ ಪ್ರತಿಯ ಮೇಲಿನ ನಂಬರ್ ಹೇಳಿ ಉತ್ತರ ಕೇಳಿ.